ಅಕ್ಕಿಕಾಳಿನಷ್ಟು ಚುಕ್ಕೆ: ಕಾರಿನ ಮುಂದಿನ ಗ್ಲಾಸು ಒಡೆದು ಕೂಡಿದ ಕತೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಬಸ್ಸಲ್ಲಿ, ಮೆಟ್ರೋದಲ್ಲಿ, ಅಡುಗೆ ಮನೆಯಲ್ಲಿ ಪಾತ್ರೆ ತೊಳೀತಾ, ಎಲ್ಲೇ ಇದ್ರೂ ಇಯರ್‌ಫೋನ್ ಸರಿ ಮಾಡ್ಕೊಳ್ಳಿ. ಇವತ್ತು ಇತಿಹಾಸ ಅಂದ್ರೆ ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ಒಂದು ಸಣ್ಣ ಜಲ್ಲಿಕಲ್ಲಿನದ್ದು.

ನಮ್ಮಪ್ಪ ಟ್ಯಾಕ್ಸಿ ಓಡಿಸ್ತಾರೆ. ಕೆಲವು ವರ್ಷಗಳ ಹಿಂದೆ ತುಮಕೂರು ರಸ್ತೆಯಲ್ಲಿ, ದಾಬಸ್‌ಪೇಟೆ ದಾಟಿ ಬರ್ತಿದ್ರು. ಮುಂದೆ ಜಲ್ಲಿ ತುಂಬಿದ ಟಿಪ್ಪರ್. ಮೇಲೆ ಟಾರ್ಪಾಲ್ ಇರಲಿಲ್ಲ. 'ಟಕ್' ಅಂತ ಒಂದು ಸದ್ದು. ಅಷ್ಟೇ. ಮನೆಗೆ ಬಂದಾಗ ಗ್ಲಾಸಿನ ಎಡಗಡೆ ಮೂಲೆಯಲ್ಲಿ ಒಂದು ಚುಕ್ಕೆ. ಅಕ್ಕಿಕಾಳಿನಷ್ಟು. ಸುತ್ತ ಕೂದಲಿನಂಥ ಮೂರು ಗೆರೆ. 'ಅಪ್ಪ, ಇದನ್ನ ತೋರಿಸ್ಬೇಕು' ಅಂದೆ. ಅಪ್ಪ ನಕ್ಕು, 'ಗ್ಲಾಸ್ ನೋಡ್ತಾ ಕೂತ್ರೆ ರೋಡ್ ಯಾರಪ್ಪಾ ನೋಡ್ತಾರೆ? ಬಿಡು, ಚುಕ್ಕೆ ತಾನೇ' ಅಂದ್ರು.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೇ ದಿನ ಮಧ್ಯಾಹ್ನ, ಉರಿ ಬಿಸಿಲಲ್ಲಿ ನಿಂತಿದ್ದ ಗಾಡಿ ಮೇಲೆ ಅಪ್ಪ ಒಂದು ಬಕೆಟ್ ತಣ್ಣೀರು ಹಾಕಿದ್ರು. ನನ್ನ ಕಣ್ಣೆದುರೇ ಆ ಕೂದಲಿನ ಗೆರೆಗಳಲ್ಲಿ ಒಂದು ಹೊರಟಿತು. ಅವಸರವೇ ಇಲ್ಲದ ಹಾಗೆ ಎಡಗಡೆಯಿಂದ ಬಲಗಡೆಗೆ, ಡ್ರೈವರ್ ಸೀಟಿನ ಎದುರಿನವರೆಗೂ ಹೋಗಿ ನಿಂತಿತು. ಮುಂದಿನ ತಿಂಗಳು ಎಫ್‌ಸಿ ಇತ್ತು. ಹೊಸ ಗ್ಲಾಸು ಹಾಕಿಸಲೇಬೇಕಾಯ್ತು. ಎರಡು ವಾರದ ದುಡಿಮೆ ಹೋಯ್ತು.

ಜೆ.ಸಿ. ರೋಡಿನ ಅಂಗಡಿಯವರು ಹಳೇ ಗ್ಲಾಸು ಕಿತ್ತು ಗೋಡೆಗೆ ಒರಗಿಸ್ತಾ ಹೇಳಿದ ಮಾತು ಇವತ್ತಿಗೂ ತಲೆಯಲ್ಲಿದೆ: 'ಅಣ್ಣಾ, ಮೊದಲ ದಿನವೇ ಬಂದಿದ್ರೆ ಅರ್ಧ ಗಂಟೆ ಕೆಲಸ.'

ಅರ್ಧ ಗಂಟೆಯಲ್ಲಿ ಒಡೆದ ಗಾಜನ್ನ ಕೂಡಿಸೋದಾ? ಹೇಗೆ? ಇದನ್ನ ಯಾರು ಕಂಡುಹಿಡಿದ್ರು? ಅಲ್ಲಿಂದ ಶುರುವಾಯ್ತು ನನ್ನ ಹುಡುಕಾಟ.

ಮೊದಲಿಗೆ, ಕಾರಿಗೆ ಗಾಜೇ ಇಲ್ಲದ ಕಾಲ. 1900ರ ಆಸುಪಾಸಿನ ಕಾರುಗಳ ಫೋಟೋ ನೋಡಿ. ಓಡಿಸೋರು ದಪ್ಪ ಕನ್ನಡಕ ಹಾಕ್ಕೊಂಡು, ಧೂಳು ತಿನ್ನುತ್ತಾ ಕೂತಿರ್ತಾರೆ. ಗಾಳಿ ತಡೆಯೋಕೆ ಅಂತ ಆಮೇಲೆ ಗಾಜು ಬಂತು. ಆದರೆ ಅದು ಕಿಟಕಿಗೆ ಹಾಕೋ ಥರದ ಸಾದಾ ಗಾಜು. ಡಿಕ್ಕಿಯಾದ್ರೆ ಕತ್ತಿಯಂಥ ಚೂರುಗಳು ನೇರ ಮುಖಕ್ಕೆ.

ಇದಕ್ಕೆ ಮದ್ದು ಸಿಕ್ಕಿದ್ದು ಪ್ಯಾರಿಸ್ಸಿನಲ್ಲಿ. ಎಡ್ವಾರ್ ಬೆನೆಡಿಕ್ಟಸ್ ಅನ್ನೋ ಫ್ರೆಂಚ್ ರಸಾಯನ ವಿಜ್ಞಾನಿ. ಅವನು ಚಿತ್ರಕಾರನೂ ಹೌದು. 1903ರಲ್ಲಿ ಅವನ ಲ್ಯಾಬಿನಲ್ಲಿ ಒಂದು ಗಾಜಿನ ಫ್ಲಾಸ್ಕ್ ಮೇಲಿಂದ ಬಿತ್ತು. ಒಡೀತು, ಆದರೆ ಚೂರುಗಳು ಚೆಲ್ಲಲಿಲ್ಲ. ಹಿಂದೊಮ್ಮೆ ಅದರೊಳಗೆ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಇತ್ತು. ಅದು ಆರಿಹೋಗಿ ಒಳಗೋಡೆಗೆ ತೆಳುವಾದ ಪೊರೆಯಾಗಿ ಅಂಟಿಕೊಂಡಿತ್ತು. ಆ ಪೊರೆ ಚೂರುಗಳನ್ನ ಹಿಡಿದಿಟ್ಟಿತ್ತು. 1909ರಲ್ಲಿ ಅವನು ಎರಡು ಗಾಜಿನ ಹಾಳೆಗಳ ನಡುವೆ ಅಂಥ ಪೊರೆ ಇಟ್ಟು ಪೇಟೆಂಟ್ ತಗೊಂಡ. ಮೂರು ಪದರ ಆದ್ದರಿಂದ ಹೆಸರು 'ಟ್ರಿಪ್ಲೆಕ್ಸ್'. ಅವನಿಗಿಂತ ಮುಂಚೆ, 1905ರಲ್ಲೇ, ಜಾನ್ ಕ್ರೂ ವುಡ್ ಅನ್ನೋ ಇಂಗ್ಲಿಷಿನವನು ಒಂದು ಮರದ ಅಂಟು ಬಳಸಿ ಇಂಥದ್ದೇ ಪೇಟೆಂಟ್ ಮಾಡಿಸಿದ್ದ. ಅದು ವ್ಯಾಪಾರದಲ್ಲಿ ಗೆಲ್ಲಲಿಲ್ಲ.

ಈ ಪದರಗಾಜು ದೊಡ್ಡ ಮಟ್ಟದಲ್ಲಿ ಮೊದಲು ಕಾಪಾಡಿದ್ದು ಕಾರಿನವರನ್ನಲ್ಲ, ಸೈನಿಕರನ್ನ. ಮೊದಲನೇ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳ ಕಣ್ಣಿಗೆ ಇದನ್ನ ಹಾಕಿದ್ರು. ಆಮೇಲೆ 1920ರ ದಶಕದ ಕೊನೆಗೆ ಹೆನ್ರಿ ಫೋರ್ಡ್ ತನ್ನ ಮಾಡೆಲ್ ಎ ಕಾರಿನ ಮುಂದಿನ ಗ್ಲಾಸಿಗೆ ಇದನ್ನೇ ಹಾಕಿಸಿದ. ಇನ್ನು ಭಯ ಇಲ್ಲ ಅಂತ ಜನ ಅಂದುಕೊಂಡ್ರು.

ಇಲ್ಲಿಗೆ ನಮ್ಮ ಜಲ್ಲಿಕಲ್ಲು ಬರುತ್ತೆ.

ಅಮೆರಿಕದ ವಾಷಿಂಗ್ಟನ್ ರಾಜ್ಯ. 1930ರ ಮೇ ತಿಂಗಳಲ್ಲಿ ಬ್ಯಾಕ್ಸ್‌ಟರ್ ಅನ್ನೋರು ಒಂದು ಮಾಡೆಲ್ ಎ ಕೊಂಡ್ರು. ಕಂಪನಿಯ ಕ್ಯಾಟಲಾಗಿನಲ್ಲಿ ಈ ಗ್ಲಾಸು ಎಂಥ ಏಟಿಗೂ ಸಿಡಿಯೋದಿಲ್ಲ ಅನ್ನೋ ಅರ್ಥದ ಭರವಸೆ ಇತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ನೋಕ್ವಾಲ್ಮಿ ಅನ್ನೋ ಘಾಟಿಯಲ್ಲಿ ಹೋಗ್ತಿದ್ದಾಗ, ಪಕ್ಕದಲ್ಲಿ ಹಾದುಹೋದ ಕಾರಿನ ಚಕ್ರದಿಂದ ಒಂದು ಕಲ್ಲು ಹಾರಿ ಬಂದು ಗ್ಲಾಸಿಗೆ ಬಡೀತು. ಗಾಜಿನ ಸಣ್ಣ ಚೂರುಗಳು ಎಡಗಣ್ಣಿಗೆ ಬಿದ್ದು ಆ ಕಣ್ಣು ಹೋಯ್ತು.

ಬ್ಯಾಕ್ಸ್‌ಟರ್ ಕೋರ್ಟಿಗೆ ಹೋದ್ರು. ಆ ಕಾಲದ ಕಾನೂನಿನ ತರ್ಕ ಕೇಳಿ: ನೀನು ಕಾರು ಕೊಂಡಿದ್ದು ಡೀಲರ್ ಹತ್ರ, ಕಂಪನಿ ಜೊತೆ ನಿನ್ನದೇನೂ ಒಪ್ಪಂದ ಇಲ್ಲ, ಹಾಗಾಗಿ ಕಂಪನಿ ಮೇಲೆ ಕೇಸು ನಿಲ್ಲಲ್ಲ! ಕೆಳಗಿನ ಕೋರ್ಟು ಕ್ಯಾಟಲಾಗನ್ನ ಸಾಕ್ಷಿ ಅಂತ ತಗೊಳ್ಳಲೂ ಇಲ್ಲ. ಆದರೆ 1932ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ತಿರುಗಿಸಿ ಹೇಳ್ತು: ಗಾಜು ಗಟ್ಟಿ ಇದೆಯೋ ಇಲ್ಲವೋ ಅಂತ ಸಾಮಾನ್ಯ ಮನುಷ್ಯ ನೋಡಿ ತಿಳಿಯೋಕಾಗಲ್ಲ, ಜಾಹೀರಾತು ನಂಬಿ ಕೊಂಡವನಿಗೆ, ಆ ಮಾತು ಸುಳ್ಳಾದ್ರೆ, ತಯಾರಿಸಿದವನೇ ಉತ್ತರ ಕೊಡಬೇಕು. ಮತ್ತೆ ವಿಚಾರಣೆ ನಡೆದು ಬ್ಯಾಕ್ಸ್‌ಟರ್ ಗೆದ್ರು, 1934ರಲ್ಲಿ ಆ ಗೆಲುವು ಖಾಯಂ ಆಯ್ತು. ಗ್ರಾಹಕ ಹಕ್ಕಿನ ಪಾಠ ಹೇಳುವಾಗ ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಓದಿಸೋ ಕೇಸು ಇದು. ಒಂದು ಕಲ್ಲು, ಒಂದು ಕಣ್ಣು.

ಒಂದು ಸಣ್ಣ ವಿರಾಮ. ನೀರು ಕುಡಿದು ಬನ್ನಿ.

...ಬಂದ್ರಾ? ಸರಿ. ಈಗ ನಮ್ಮಪ್ಪನ ಪ್ರಶ್ನೆಗೆ ಬರೋಣ. 'ಚುಕ್ಕೆ ತಾನೇ?' ಚುಕ್ಕೆ ಯಾಕೆ ಚುಕ್ಕೆಯಾಗೇ ಉಳಿಯಲ್ಲ?

ಇದಕ್ಕೆ ಉತ್ತರ ಕೊಟ್ಟವನು ಎ.ಎ. ಗ್ರಿಫಿತ್, ಬ್ರಿಟನ್ನಿನ ಎಂಜಿನಿಯರ್. ಕೆಲಸ ಮಾಡ್ತಿದ್ದಿದ್ದು ವಿಮಾನಗಳ ಸಂಶೋಧನಾ ಕೇಂದ್ರದಲ್ಲಿ. ಲೆಕ್ಕದ ಪ್ರಕಾರ ಗಾಜು ಭಾರೀ ಗಟ್ಟಿ ಇರಬೇಕಿತ್ತು, ಆದರೆ ನಿಜದಲ್ಲಿ ಅದರ ಒಂದಂಶವೂ ಇಲ್ಲ. ಯಾಕೆ? 1921ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ಹೇಳಿದ್ದು: ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕುಗಳಿರುತ್ತವೆ. ಎಳೆತ ಎಲ್ಲಾ ಬಂದು ಆ ಬಿರುಕಿನ ತುದಿಯಲ್ಲಿ ಗುಂಪುಗೂಡುತ್ತೆ. ಬಟ್ಟೆ ಅಂಗಡಿಯವರು ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ, ಆಮೇಲೆ ಕೈಯಲ್ಲೇ ಪರ್ರ್ ಅಂತ ಹರೀತಾರಲ್ಲ, ಹಾಗೆ. ಬಿರುಕು ಉದ್ದವಾದಷ್ಟೂ ಅದನ್ನ ಮುಂದಕ್ಕೆ ತಳ್ಳೋಕೆ ಕಮ್ಮಿ ಬಲ ಸಾಕು. ಬಿರುಕು ನಾಲ್ಕು ಪಟ್ಟು ಉದ್ದವಾದ್ರೆ ಗಾಜಿನ ಶಕ್ತಿ ಅರ್ಧಕ್ಕೆ ಇಳಿಯುತ್ತೆ.

ಬಿಸಿ ಗಾಜಿನ ಮೇಲೆ ತಣ್ಣೀರು ಬಿದ್ರೆ ಮೇಲ್ಮೈ ಕುಗ್ಗುತ್ತೆ, ಒಳಭಾಗ ಹಾಗೇ ಇರುತ್ತೆ. ಆ ಎಳೆದಾಟ ಬಿರುಕಿನ ತುದಿಗೆ ಸಾಕು. ಅಪ್ಪನ ಬಕೆಟ್ ನೀರು ಮಾಡಿದ್ದು ಇದನ್ನೇ. ಬಿಸಿಲಲ್ಲಿ ನಿಂತ ಕಾರಿಗೆ ಕೂತ ತಕ್ಷಣ ಎಸಿ ಫುಲ್ ಇಟ್ಟು ಗ್ಲಾಸಿಗೆ ಊದಿಸಿದ್ರೂ ಇದೇ ಕತೆ, ಒಳಗಡೆಯಿಂದ.

ಹಾಗಾದ್ರೆ ರಿಪೇರಿಯ ಗುಟ್ಟು ಸುಲಭ: ಬಿರುಕು ಓಡೋಕೆ ಮುಂಚೆ ಅದರ ತುದಿಯನ್ನ ಹಿಡಿದು ನಿಲ್ಲಿಸಬೇಕು. ಆದರೆ ಬಹಳ ವರ್ಷ ಯಾರೂ ಈ ಕಡೆ ಗಮನ ಕೊಡಲಿಲ್ಲ. ಯಾಕಂದ್ರೆ ಯಾರೂ ಗ್ಲಾಸನ್ನೇ ನೋಡ್ತಿರಲಿಲ್ಲ. ಹೀಗೆ ಹೇಳೋಕೆ ನನಗೆ ಒಂದು ಸೊಗಸಾದ ಕಾರಣ ಇದೆ.

1954, ಮತ್ತೆ ಅದೇ ವಾಷಿಂಗ್ಟನ್ ರಾಜ್ಯ. ಮಾರ್ಚ್ ಕೊನೆಯಲ್ಲಿ ಬೆಲ್ಲಿಂಗ್‌ಹ್ಯಾಮ್ ಊರಿನ ಜನ ಪೊಲೀಸರಿಗೆ ದೂರು ಕೊಟ್ರು: ನಮ್ಮ ಕಾರಿನ ಗ್ಲಾಸುಗಳ ಮೇಲೆ ಯಾರೋ ಚುಕ್ಕೆ ಮಾಡ್ತಿದ್ದಾರೆ! ಪುಂಡ ಹುಡುಗರು ಛರ್ರೆ ಬಂದೂಕಲ್ಲಿ ಹೊಡೀತಿರಬೇಕು ಅಂತ ಪೊಲೀಸರು ಅಂದುಕೊಂಡ್ರು. ಪೇಪರಿನಲ್ಲಿ ಸುದ್ದಿ ಬಂತು. ಊರಿಂದ ಊರಿಗೆ ಚುಕ್ಕೆಗಳು ದಕ್ಷಿಣಕ್ಕೆ ನಡೆದವು. ಏಪ್ರಿಲ್ ಮಧ್ಯಕ್ಕೆ ಸಿಯಾಟಲ್ ನಗರ ಮುಟ್ಟಿದವು. ಸುಮಾರು 3,000 ಕಾರುಗಳ ಬಗ್ಗೆ ದೂರು. ಜನ ಗ್ಲಾಸಿನ ಮೇಲೆ ಪೇಪರ್ ಹೊದಿಸಿದ್ರು, ಕಾಲೊರಸು ಹಾಸಿದ್ರು. ಅದೇ ಮಾರ್ಚ್ 1ಕ್ಕೆ ಅಮೆರಿಕ ಪೆಸಿಫಿಕ್ ಸಾಗರದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತ್ತು. ಅದರ ಬೂದಿ ಇರಬೇಕು ಅಂತ ಕೆಲವರು. ಕಾಸ್ಮಿಕ್ ಕಿರಣ ಅಂತ ಕೆಲವರು. ಗಾಜಿನೊಳಗೆ ಮರಳಿನ ಹುಳ ಮೊಟ್ಟೆ ಇಟ್ಟಿದೆ ಅಂತಲೂ ಒಬ್ಬರು! ಕೊನೆಗೆ ಸಿಯಾಟಲ್ ಮೇಯರ್ ಗವರ್ನರ್‌ಗೂ ಅಧ್ಯಕ್ಷ ಐಸೆನ್‌ಹೋವರ್‌ಗೂ ಸಹಾಯ ಕೇಳಿದ್ರು.

ವಿಜ್ಞಾನಿಗಳು ಬಂದು ನೋಡಿದ್ರು. ಹಳೇ ಕಾರುಗಳಲ್ಲಿ ಚುಕ್ಕೆ ಜಾಸ್ತಿ, ಹೊಸ ಕಾರುಗಳಲ್ಲಿ ಕಮ್ಮಿ. ಬಾಂಬಿನ ಬೂದಿಗೆ ಹಳೇ ಕಾರು ಯಾವುದು, ಹೊಸದು ಯಾವುದು ಅಂತ ಗೊತ್ತಾಗುತ್ತಾ? ಇಲ್ಲ. ಅವು ವರ್ಷಗಟ್ಟಲೆ ರಸ್ತೆಯ ಮರಳು, ಜಲ್ಲಿ ಬಡಿದು ಆದ ಚುಕ್ಕೆಗಳು. ಮೊದಲಿಂದಲೂ ಅಲ್ಲೇ ಇದ್ದವು. ಜನ ಅಲ್ಲಿವರೆಗೂ ಗ್ಲಾಸಿನ ಮೂಲಕ ನೋಡ್ತಿದ್ರು, ಆ ವಾರ ಮೊದಲ ಸಲ ಗ್ಲಾಸನ್ನ ನೋಡಿದ್ರು. ಕೆಲವೇ ದಿನಕ್ಕೆ ದೂರುಗಳು ನಿಂತುಹೋದವು. ನಂತರ ಸಮಾಜಶಾಸ್ತ್ರಜ್ಞರು ಇದರ ಮೇಲೆ ಸಂಶೋಧನಾ ಪ್ರಬಂಧವನ್ನೇ ಬರೆದ್ರು.

'ಗ್ಲಾಸ್ ನೋಡ್ತಾ ಕೂತ್ರೆ ರೋಡ್ ಯಾರು ನೋಡ್ತಾರೆ?' ನೆನಪಾಯ್ತಲ್ಲ? ನಮ್ಮಪ್ಪನಿಗೆ ಈ ಕತೆ ಹೇಳಿದಾಗ, 'ನೋಡಿದ್ಯಾ, ನೋಡಿದ್ದಕ್ಕೇ ಅವರಿಗೆ ತಲೆ ಕೆಟ್ಟಿದ್ದು' ಅಂದ್ರು.

ಸರಿ, ರಿಪೇರಿ ಯಾವಾಗ ಬಂತು? ಅದಕ್ಕೆ ಮುಂಚೆ ಗಾಜಿನ ನಡುವಿನ ಪೊರೆ ಸುಧಾರಿಸಬೇಕಿತ್ತು. ಹಳೇ ಸೆಲ್ಯುಲೋಸ್ ಪೊರೆ ಬಿಸಿಲಿಗೆ ಹಳದಿ ಆಗ್ತಿತ್ತು. 1930ರ ದಶಕದ ಕೊನೆಗೆ ಪಿವಿಬಿ ಅನ್ನೋ ಮೆತ್ತನೆ, ಎಳೆದ್ರೆ ಹಿಗ್ಗೋ ಪ್ಲಾಸ್ಟಿಕ್ ಬಂತು. ಇವತ್ತಿಗೂ ಅದೇ. ಹೊರಗೊಂದು ಗಾಜು, ಸುಮಾರು 2 ಮಿ.ಮೀ. ಒಳಗೊಂದು, ಹೆಚ್ಚುಕಮ್ಮಿ ಅಷ್ಟೇ. ನಡುವೆ 0.76 ಮಿ.ಮೀ. ಪೊರೆ. ಕಲ್ಲು ಬಡಿದಾಗ ಸಾಮಾನ್ಯವಾಗಿ ಹೊರಗಿನ ಹಾಳೆ ಮಾತ್ರ ಒಡೆಯುತ್ತೆ, ಪೊರೆ ಬಿರುಕನ್ನ ಅಲ್ಲೇ ತಡೆಯುತ್ತೆ. ರಿಪೇರಿ ಸಾಧ್ಯವಾಗೋದು ಇದೇ ಕಾರಣಕ್ಕೆ.

ಕಾರಿನ ಪಕ್ಕದ ಕಿಟಕಿ ಬೇರೆ. ಅದು ಟಫನ್ಡ್ ಗಾಜು. ಒಡೆದ್ರೆ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಪೂರ್ತಿ ಪುಡಿ. ಹಿಂದೆ ನಮ್ಮಲ್ಲೂ ಎಷ್ಟೋ ಗಾಡಿಗಳ ಮುಂದಿನ ಗ್ಲಾಸು ಇಂಥದ್ದೇ ಇತ್ತು. ಕಲ್ಲು ಬಿದ್ರೆ ಇಡೀ ಗ್ಲಾಸು ಒಮ್ಮೆಲೇ ಬೆಳ್ಳಗಾಗಿ, ರಸ್ತೆ ಕಾಣ್ತಿರಲಿಲ್ಲ. ಅದನ್ನ ರಿಪೇರಿ ಮಾಡೋ ಮಾತೇ ಇಲ್ಲ. ಈಗ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಮುಂದಿನ ಗ್ಲಾಸು ಪದರಗಾಜೇ ಆಗಿರಬೇಕು.

ರಿಪೇರಿ ಒಂದು ದಂಧೆಯಾಗಿ ಬೆಳೆದದ್ದು 1970ರ ದಶಕದ ಅಮೆರಿಕದಲ್ಲಿ. ಬಿರುಕಿನೊಳಗೆ ರಾಳ, ಅಂದ್ರೆ ರೆಸಿನ್, ತುಂಬೋ ವಿಧಾನಕ್ಕೆ ಹಲವರು ಪೇಟೆಂಟ್ ತಗೊಂಡ್ರು. ಮಿನ್ನೆಸೋಟ ರಾಜ್ಯದ ಡಾ. ಫ್ರಾಂಕ್ ವರ್ನರ್ ಹೆಸರು ಇದರಲ್ಲಿ ಮುಖ್ಯ. 1972ರಲ್ಲಿ ಅಲ್ಲಿ ಹುಟ್ಟಿದ ನೋವಸ್ ಕಂಪನಿ ಈ ಕೆಲಸವನ್ನ ಊರೂರಿಗೆ ಒಯ್ದಿತು. ವಿಮಾ ಕಂಪನಿಗಳಿಗೂ ಖುಷಿ. ಹೊಸ ಗ್ಲಾಸಿನ ಬಿಲ್ಲಿಗಿಂತ ರಿಪೇರಿ ಬಿಲ್ಲು ಎಷ್ಟೋ ಕಮ್ಮಿ.

ಈಗ ಕೆಲಸ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಜೆ.ಸಿ. ರೋಡಿನ ಆ ಅಂಗಡಿಯಲ್ಲಿ ಆಮೇಲೆ ಒಂದು ಮಧ್ಯಾಹ್ನ ಕೂತು ನೋಡಿದ್ದು.

ಮೊದಲು ಚುಕ್ಕೆಯ ಜಾತಿ ಗುರುತಿಸ್ತಾರೆ. ಗುಂಡಗೆ ನಾಣ್ಯದ ಹಾಗಿದ್ರೆ 'ಬುಲ್ಸ್ ಐ'. ಅದು ನಿಜಕ್ಕೂ ಗಾಜಿನೊಳಗೆ ಇಳಿದ ಒಂದು ಶಂಕು, ಕೊಳವೆ ಇಲ್ಲದ ಆಲಿಕೆ ಥರ. ಕಾಲುಗಳು ಹೊರಟಿದ್ರೆ 'ಸ್ಟಾರ್'. ಎರಡೂ ಸೇರಿದ್ರೆ 'ಕಾಂಬಿನೇಷನ್'. ಆಮೇಲೆ ಒಳಗಡೆಯಿಂದ ಉಗುರಲ್ಲಿ ಸವರಿ ನೋಡ್ತಾರೆ. ಒಳಗಿನ ಹಾಳೆಗೂ ಏಟು ಬಿದ್ದಿದ್ರೆ ರಿಪೇರಿ ಇಲ್ಲ.

ನಂತರ ಸೂಜಿಯಂಥ ಮೊನೆಯಿಂದ ಸಡಿಲ ಗಾಜಿನ ಪುಡಿ ತೆಗೀತಾರೆ. ನೀರು ಸೇರಿದ್ರೆ ಹದವಾಗಿ ಬಿಸಿ ಕೊಟ್ಟು ಆರಿಸ್ತಾರೆ. ಬಾಯಿ ಮುಚ್ಚಿಕೊಂಡ ಬಿರುಕಾದ್ರೆ, ದಾರದಷ್ಟು ಸಣ್ಣ ಡ್ರಿಲ್ ಬಿಟ್ಟಿನಿಂದ ಹೊರಹಾಳೆಯಲ್ಲಿ ಮಾತ್ರ ತೂತು. ಪೊರೆಗೆ ತಾಗಿದ್ರೆ ಕೆಲಸ ಕೆಡ್ತು.

ಆಮೇಲೆ ಗ್ಲಾಸಿಗೆ ರಬ್ಬರ್ ಬಟ್ಟಲಿನಿಂದ ಕಚ್ಚಿಕೊಳ್ಳೋ ಒಂದು ಸ್ಟ್ಯಾಂಡು. ಅದರ ನಡುವೆ ಸಿರಿಂಜಿನಂಥ ಕೊಳವೆ, ಸರಿಯಾಗಿ ಚುಕ್ಕೆಯ ಮೇಲೆ. ನಾಲ್ಕೈದು ಹನಿ ರೆಸಿನ್. ಮೊದಲು ಹಿಡಿಕೆ ಮೇಲಕ್ಕೆಳೆದು ಬಿರುಕಿನೊಳಗಿನ ಗಾಳಿ ಹೀರ್ತಾರೆ, ಆಮೇಲೆ ಒತ್ತಿ ರೆಸಿನ್ ನುಗ್ಗಿಸ್ತಾರೆ. ಎಳಿ, ಒತ್ತು, ಮತ್ತೆ ಎಳಿ, ಮತ್ತೆ ಒತ್ತು. ನಾನು ಒಳಗೆ ಕೂತು ನೋಡ್ತಿದ್ದೆ. ಕಪ್ಪಗೆ ಕಾಣ್ತಿದ್ದ ಕಾಲುಗಳು ಒಂದೊಂದಾಗಿ ಮಾಯ! ಒಂದು ಕಾಲಿನ ತುದಿ ಮಾತ್ರ ಉಳಿದಿತ್ತು. 'ಸರ್, ಒಳಗಿಂದ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ' ಅಂದ್ರು. ಒತ್ತಿದೆ. ಬಿರುಕು ಕೂದಲೆಳೆ ಅಗಲವಾಗಿ ರೆಸಿನ್ ತುದಿ ಮುಟ್ಟಿತು. ಗ್ರಿಫಿತ್ ಹೇಳಿದ ಆ ತುದಿ.

ಯಾಕೆ ಮಾಯವಾಗುತ್ತೆ? ಬಿರುಕು ಕಾಣೋದೇ ಒಳಗಿನ ಗಾಳಿಯಿಂದ. ಗಾಜಿನಿಂದ ಗಾಳಿಗೆ ಹೋಗುವಾಗ ಬೆಳಕು ಬಾಗುತ್ತೆ, ಪ್ರತಿಫಲಿಸುತ್ತೆ. ಈ ರೆಸಿನ್ನಿನ ವಕ್ರೀಭವನ ಸೂಚ್ಯಂಕ ಹೆಚ್ಚುಕಮ್ಮಿ ಗಾಜಿನದ್ದೇ, 1.5ರ ಹತ್ತಿರ. ಹಾಗಾಗಿ ಬೆಳಕಿಗೆ ದಾರಿಯಲ್ಲಿ ಬಿರುಕಿದೆ ಅಂತಲೇ ಗೊತ್ತಾಗಲ್ಲ. ಹೈಸ್ಕೂಲ್ ಲ್ಯಾಬಿನಲ್ಲಿ ಗಾಜಿನ ಕಡ್ಡಿಯನ್ನ ಗ್ಲಿಸರಿನ್‌ನಲ್ಲಿ ಅದ್ದಿದಾಗ ಕಾಣದಂತಾಗಿದ್ದು ನೆನಪಿದ್ರೆ, ಅದೇ ಇದು.

ಇಷ್ಟೂ ಹೊತ್ತು ಗಾಡಿ ನೆರಳಲ್ಲೇ ಇರಬೇಕು. ಯಾಕಂದ್ರೆ ಈ ರೆಸಿನ್ ಗಟ್ಟಿಯಾಗೋದು ಅಲ್ಟ್ರಾವೈಲೆಟ್ ಬೆಳಕಿಗೆ. ಬಿಸಿಲು ಬಿದ್ರೆ ಅರ್ಧ ದಾರಿಯಲ್ಲೇ ಕಲ್ಲಾಗುತ್ತೆ. ಪೂರ್ತಿ ತುಂಬಿದ ಮೇಲೆ ಯುವಿ ಲ್ಯಾಂಪ್, ಕೆಲವು ನಿಮಿಷ. ಮೇಲಿನ ಗುಳಿಗೆ ಸ್ವಲ್ಪ ಗಟ್ಟಿ ರೆಸಿನ್, ಅದರ ಮೇಲೊಂದು ಪಾರದರ್ಶಕ ಹಾಳೆ, ಮತ್ತೆ ಲ್ಯಾಂಪ್. ಕೊನೆಗೆ ಬ್ಲೇಡನ್ನ ನೆಟ್ಟಗೆ ಹಿಡಿದು ಹೆರೆದು ಪಾಲಿಶ್.

ಇದನ್ನ ನೀವು ಎಲ್ಲೋ ನೋಡಿದ್ದೀರಿ ಅನ್ನಿಸ್ತಿದೆಯಾ? ಹೌದು, ಮೊಬೈಲ್ ಅಂಗಡಿಯಲ್ಲಿ! ಬಾಗಿದ ಸ್ಕ್ರೀನಿನ ಫೋನಿಗೆ ಯುವಿ ಟೆಂಪರ್ಡ್ ಹಾಕುವಾಗ ಹುಡುಗ ಒಂದು ಹನಿ ದ್ರವ ಬಿಟ್ಟು, ನೇರಳೆ ಟಾರ್ಚ್ ಹಿಡೀತಾನಲ್ಲ? ಹಳೇ ಸಣ್ಣ ಗೀರುಗಳೂ ಕಾಣದ ಹಾಗಾಗುತ್ತಲ್ಲ? ಅದರ ಹಿಂದಿನ ತತ್ವ ಇದೇ. ನಿಮ್ಮ ಜೇಬಿನಲ್ಲೇ ಇದೆ ಈ ವಿದ್ಯೆ.

ಇದಕ್ಕೆ ಮಿತಿಗಳೂ ಇವೆ. ಚುಕ್ಕೆ ಪೂರ್ತಿ ಅಳಿಸಿಹೋಗಲ್ಲ, ಹುಡುಕಿದ್ರೆ ಸಣ್ಣ ಕಲೆ ಕಾಣುತ್ತೆ. ಬಿರುಕು ಮುಂದೆ ಓಡದ ಹಾಗೆ ನಿಲ್ಲಿಸೋದೇ ಮುಖ್ಯ ಕೆಲಸ. ಡ್ರೈವರ್ ಕಣ್ಣಿನ ನೇರಕ್ಕೆ ಇದ್ರೆ ಆ ಕಲೆಯೂ ರಾತ್ರಿ ಎದುರಿನ ಲೈಟಿಗೆ ಮಿನುಗಬಹುದು. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಒಂದು ಲೆಕ್ಕ ಇದೆ: ಸ್ಟಿಯರಿಂಗ್ ಎದುರು 290 ಮಿ.ಮೀ. ಅಗಲದ ಪಟ್ಟಿಯಲ್ಲಿ 10 ಮಿ.ಮೀ.ಗಿಂತ ದೊಡ್ಡ ಹಾನಿ ಇರಬಾರದು. ವೈಪರ್ ಓಡಾಡೋ ಉಳಿದ ಜಾಗದಲ್ಲಿ 40 ಮಿ.ಮೀ. ತನಕ ಬಿಡ್ತಾರೆ. ಗ್ಲಾಸಿನ ಅಂಚಿಗೆ ತಾಗಿದ ಬಿರುಕಿಗೆ ಹೊಸ ಗ್ಲಾಸೇ ಗತಿ. ಫೆವಿಕ್ವಿಕ್ ಹಾಕಿ 'ನಾನೇ ಮಾಡ್ಕೊಂಡೆ' ಅನ್ನೋರಿಗೆ ಕೈ ಮುಗೀತೀನಿ. ಅದು ಒಳಗೆ ಇಳಿಯಲ್ಲ, ಬಾಯಿ ಮುಚ್ಚಿಬಿಡುತ್ತೆ. ಆಮೇಲೆ ರೆಸಿನ್ ಹೋಗೋಕೂ ದಾರಿ ಇರಲ್ಲ.

ಇಷ್ಟೆಲ್ಲಾ ತಲೆಕೆಡಿಸಿಕೊಳ್ಳೋದು ಬರೀ ದುಡ್ಡಿಗಲ್ಲ. ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಎಷ್ಟೋ ಕಾರುಗಳಲ್ಲಿ ಮುಂದಿನ ಗ್ಲಾಸಿಗೆ ಒರಗಿ ನಿಲ್ಲುತ್ತೆ. ಗಾಡಿ ಮಗುಚಿದ್ರೆ ಮೇಲ್ಛಾವಣಿಗೆ ಈ ಗ್ಲಾಸು ಆಸರೆ. ಬ್ಯಾಕ್ಸ್‌ಟರ್ ಕಾಲದಲ್ಲಿ ಅದು ಗಾಳಿಗೆ ಅಡ್ಡ ಅಷ್ಟೇ. ಈಗ ಅದು ಕಾರಿನ ಮೂಳೆ.

ಹೋದ ವರ್ಷ ಅಪ್ಪನ ಗಾಡಿಗೆ ಮತ್ತೆ ಕಲ್ಲು ಬಡೀತು. ಈ ಸಲ ಕುಣಿಗಲ್ ಹತ್ರ. ರಾತ್ರಿ ಫೋನ್ ಬಂತು. 'ಏನೋ, ಟೇಪು ಅಂಟಿಸಿದ್ದೀನಿ. ನೀರು ಹಾಕಿಲ್ಲ. ಎಸಿನೂ ಹಾಕಿಲ್ಲ, ಪ್ಯಾಸೆಂಜರ್ ಬೈದ್ರು. ಆ ಹುಡುಗನ ಅಂಗಡಿ ಬೆಳಿಗ್ಗೆ ಎಷ್ಟು ಗಂಟೆಗೆ ತೆಗೀತಾನೆ?'

ಆ ಕಲೆ ಇವತ್ತಿಗೂ ಇದೆ, ಎಡಗಡೆ ಮೂಲೆಯಲ್ಲಿ. ಎಷ್ಟು ಮಳೆಗಾಲ, ಎಷ್ಟು ಬೇಸಿಗೆ ಬಂದು ಹೋದ್ರೂ ಒಂದು ಕೂದಲಿನಷ್ಟೂ ಮುಂದೆ ಹೋಗಿಲ್ಲ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಕಾರು ಇದ್ರೆ, ಅಪ್ಪನದೋ, ಅಕ್ಕನದೋ, ಓನರ್ ಅಂಕಲ್‌ದೋ, ಫೋನಿನ ಟಾರ್ಚ್ ಆನ್ ಮಾಡಿ ಮುಂದಿನ ಗ್ಲಾಸಿನ ಮೇಲೆ ಅಡ್ಡಡ್ಡವಾಗಿ ಬಿಡಿ. ಕಾಣೋ ಪುಟಾಣಿ ಗುಳಿಗಳೆಲ್ಲಾ ರಸ್ತೆಯ ಮರಳು, ಸಿಯಾಟಲ್ ಜನರ ಹಾಗೆ ಗಾಬರಿ ಬೇಡ. ಕಾಲು ಹೊರಟಿರೋ ಚುಕ್ಕೆ ಸಿಕ್ಕಿದ್ರೆ ಮಾತ್ರ ಒಣಬಟ್ಟೆಯಲ್ಲಿ ಒರೆಸಿ, ಪಾರದರ್ಶಕ ಟೇಪು ಅಂಟಿಸಿ, ನೀರು ಹಾಕದೆ ನಾಳೆಯೇ ತೋರಿಸಿ. ಇನ್ಶೂರೆನ್ಸ್ ಇದ್ರೆ ಹೊಸ ಗ್ಲಾಸು ಅನ್ನೋ ಮುಂಚೆ ರಿಪೇರಿಗೆ ಏನು ಕೊಡ್ತೀರಾ ಅಂತ ಕೇಳಿ.

ಮತ್ತೆ, ಟಿಪ್ಪರ್ ಹಿಂದೆ ಹೋಗುವಾಗ ಸ್ವಲ್ಪ ದೂರ ಇರಿ. ಅಷ್ಟೇ. ಮುಂದಿನ ವಾರ ಸಿಗೋಣ, ನಮಸ್ಕಾರ.